ತಿಮಿಂಗಿಲವೂ ರೇಷ್ಮೆಯ ಹುಳುವೂ

೧

ಎರಡು ವಸ್ತುಗಳನ್ನು ಹೋಲಿಸಬೇಕಾದರೆ ಅವೆರಡರಲ್ಲಿಯೂ ನೆಲಸಿರುವ ಸಾಧಾರಣ ಧರ್ಮವೊಂದು ಇರಬೇಕೆಂದು ಅಲಂಕಾರಶಾಸ್ತ್ರಜ್ಞರು ಹೇಳಿದ್ದಾರೆ. ಮುಖವನ್ನು ಚಂದ್ರನಿಗೆ ಹೋಲಿಸುವಲ್ಲಿ ಆಹ್ಲಾದಕತ್ವವೆಂಬ ಧರ್ಮವು ಎರಡಕ್ಕೂ ಸಮಾನ. ಹಾಗಾದರೆ ಕಡಲಿನ ತಿಮಿಂಗಿಲಕ್ಕೂ, ಶಿಡ್ಲಘಟ್ಟದ ರೈತನ ಮನೆಯ ತಟ್ಟೆಯಲ್ಲಿ ಹಿಪ್ಪುನೇರಳೆಯ ಸೊಪ್ಪನ್ನು ಮೇಯುವ ರೇಷ್ಮೆಯ ಹುಳುವಿಗೂ ಸಾಧಾರಣವಾದ ಧರ್ಮ ಯಾವುದು? ನೀಲಿ ತಿಮಿಂಗಿಲವು ಸುಮಾರು ೩೦ ಮೀಟರುಗಳವರೆಗೆ ಬೆಳೆದು ೧೫೦ ಟನ್ನುಗಳನ್ನು ಮೀರಿ ತೂಗುವುದುಂಟು. ರೇಷ್ಮೆಯ ಹುಳುವಾದರೋ ಪೂರ್ಣವಾಗಿ ಬೆಳೆದಾಗಲೂ ಮೂರು ಅಂಗುಲ ಉದ್ದ. ಅರ್ಧ ತೊಲವೂ ತೂಗುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರು ಸಮುದ್ರವನ್ನು ನೋಡಬೇಕಾದರೆ ನೂರಾರು ಮೈಲಿ ಪ್ರಯಾಣ ಮಾಡಬೇಕು. ಹುಳುವನ್ನು ನೋಡಬೇಕಾದರೆ ಪಕ್ಕದ ಮನೆಯ ಬಾಗಿಲನ್ನು ತಟ್ಟಿದರೆ ಸಾಕು.

ಆದರೂ ಇತಿಹಾಸವು ಇವೆರಡನ್ನೂ ಒಂದೆಡೆಗೆ ತಂದು ಕೂಡಿಸಿದ್ದುಂಟು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಯೂರೋಪಿನ ಸಿರಿವಂತರ ಮನೆಯ ಹೆಂಗಸರು ತೊಡುತ್ತಿದ್ದ ನಿಲುವಂಗಿಯ ಹೊರಮೈ ರೇಷ್ಮೆ. ಅದರ ಒಳಗೆ ನಡುವನ್ನು ಬಿಗಿದು ನಿಲ್ಲಿಸುತ್ತಿದ್ದ ಕುಪ್ಪಸದ ಕಡ್ಡಿಗಳು ತಿಮಿಂಗಿಲದ ಬಾಯಿಂದ ತೆಗೆದುವು. ಬದುಕಿರುವಾಗ ಒಂದನ್ನೊಂದು ಕಾಣಲಾರದ ಎರಡು ಪ್ರಾಣಿಗಳು ಸತ್ತ ಮೇಲೆ ಒಂದೇ ಉಡುಪಿನಲ್ಲಿ ಸೇರಿದುವು. ಮನುಷ್ಯನ ಬಯಕೆಗೆ ಗುರಿಯಾದದ್ದೇ ಇವೆರಡರ ಸಾಧಾರಣ ಧರ್ಮ. ಆದರೆ ಆ ಬಯಕೆಯನ್ನು ಅವನು ಪೂರೈಸಿಕೊಂಡ ಬಗೆ ಎರಡೆಡೆಯಲ್ಲಿಯೂ ಬೇರೆ. ಒಂದನ್ನು ಬೇಟೆಯಾಡಿದನು, ಇನ್ನೊಂದನ್ನು ಸಾಕಿದನು. ಬೇಟೆಗೂ ಸಾಕಣೆಗೂ ಇರುವ ಅಂತರದಿಂದ ಏನೇನು ಫಲಿಸಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಹುಳುವಿನಿಂದ ಅನ್ನವನ್ನು ಕಾಣುವ ಸೀಮೆಗೆ ಈ ವಿಚಾರವು ಬರಿಯ ಕುತೂಹಲದ್ದಲ್ಲ.

ಅಮರಸಿಂಹನು ತಿಮಿಂಗಿಲವನ್ನು ವಾರಿವರ್ಗದಲ್ಲಿ, ಮೀನುಗಳ ಸಾಲಿನ ಕೊನೆಗೆ ಹೇಳುತ್ತಾನೆ. ತಿಮಿಯೆಂಬ ಮಹಾಮತ್ಸ್ಯವನ್ನೇ ನುಂಗುವಂಥದೆಂದು ಆ ಹೆಸರಿನ ಅರ್ಥ. ಹುಳುವಿನ ಗೂಡಿನಿಂದ ಹುಟ್ಟುವ ಕೌಶೇಯವನ್ನು ಅವನು ಮನುಷ್ಯವರ್ಗದಲ್ಲಿ, ವಸ್ತ್ರಗಳ ಮಧ್ಯದಲ್ಲಿ ಹೇಳುತ್ತಾನೆ. ಸಂಸ್ಕೃತದಲ್ಲಿ ಕೋಶಕಾರನೆಂದರೆ ನಿಘಂಟನ್ನು ರಚಿಸಿದವನೂ ಹೌದು, ಗೂಡನ್ನು ಕಟ್ಟುವ ಹುಳುವೂ ಹೌದು. ಆ ಕೋಶಕಾರನು ಈ ಕೋಶಕಾರನ ಉತ್ಪತ್ತಿಯನ್ನು ಮನುಷ್ಯನ ಮನೆಯೊಳಗೆ ಇರಿಸಿದನು. ತಿಮಿಂಗಿಲವನ್ನು ನೀರಿಗೆ ಬಿಟ್ಟನು. ಮುಂದೆ ನಡೆದ ಕಥೆಗೆ ಈ ವಿಂಗಡಣೆಯೇ ಪೀಠಿಕೆಯೆನ್ನಬಹುದು.

೨

ಕೋಶಗಳಲ್ಲಿ ಮೀನೆಂದು ಎಣಿಸಲ್ಪಟ್ಟಿದ್ದರೂ ತಿಮಿಂಗಿಲವು ಮೀನಲ್ಲ. ಅದರದು ಬಿಸಿರಕ್ತ. ಅದು ಶ್ವಾಸಕೋಶದಿಂದ ಉಸಿರಾಡುತ್ತದೆ. ಅದಕ್ಕಾಗಿ ಮತ್ತೆ ಮತ್ತೆ ನೀರಿನ ಮೇಲಕ್ಕೆ ಬರುತ್ತದೆ. ಮರಿಯನ್ನು ಈದು ಮೊಲೆಯೂಡಿಸುತ್ತದೆ. ಬೇಟೆಗಾರನಿಗೆ ಅದು ಸಿಕ್ಕುವುದಕ್ಕೆ ಈ ಉಸಿರೇ ಕಾರಣವಾಯಿತು. ಮೀನಿನಂತೆ ಆಳದಲ್ಲಿಯೇ ಇರಬಲ್ಲುದಾಗಿದ್ದರೆ ಅದನ್ನು ಕಾಣುವವರೇ ಇರುತ್ತಿರಲಿಲ್ಲ. ಅದು ಮೇಲೆ ಬಂದು ಬಿಟ್ಟ ಉಸಿರು ಬುಗ್ಗೆಯಂತೆ ಚಿಮ್ಮುವುದನ್ನು ಹಡಗಿನ ಕಂಬದ ಮೇಲಿನ ಕಾವಲುಗಾರನು ದೂರದಿಂದಲೇ ಗುರುತಿಸುತ್ತಿದ್ದನು.

ರೇಷ್ಮೆಯ ಹುಳು ಪತಂಗದ ಮರಿ. ಮೊಟ್ಟೆಯಿಂದ ಹೊರಬಿದ್ದಾಗ ಅದು ಕರಿಯ ಕೂದಲಿನ ಚೂರಿನಂತೆ ಇರುತ್ತದೆ. ಚಾಕಿಯ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಸುಮಾರು ೨೫ ದಿನಗಳಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವುದಕ್ಕೆ ಮುಂಚೆ ಮೇವನ್ನು ಬಿಟ್ಟು ನಿಶ್ಚಲವಾಗಿರುವುದನ್ನು ರೈತರು ಜ್ವರಕ್ಕೆ ಕೂರುವುದೆನ್ನುತ್ತಾರೆ. ನಾಲ್ಕನೆಯ ಜ್ವರವೆದ್ದ ಮೇಲೆ ಅದರ ಹಸಿವಿಗೆ ಕೊನೆಯಿಲ್ಲ. ಇಡೀ ಜನ್ಮದಲ್ಲಿ ತಿನ್ನುವ ಸೊಪ್ಪಿನ ಬಹುಭಾಗವನ್ನು ಈ ಒಂದು ವಾರದಲ್ಲಿಯೇ ತಿನ್ನುತ್ತದೆ. ಆಗ ಹುಳುಮನೆಯಲ್ಲಿ ನಿಂತರೆ ಎಲೆಯ ಮೇಲೆ ತುಂತುರು ಮಳೆ ಬಿದ್ದಂತೆ ಸದ್ದು ಕೇಳಿಸುತ್ತದೆ. ಹುಟ್ಟಿದಾಗಿನ ತೂಕಕ್ಕಿಂತ ಹುಳು ಸಾವಿರಾರು ಮಡಿ ಹೆಚ್ಚುತ್ತದೆ. ನೀಲಿ ತಿಮಿಂಗಿಲದ ಮರಿ ತಾಯಿಯ ಹಾಲನ್ನು ಕುಡಿದು ದಿನಕ್ಕೆ ಸುಮಾರು ೯೦ ಕಿಲೋಗ್ರಾಂ ಬೆಳೆಯುವುದಂತೂ ನಿಜ; ಆದರೆ ಬೆಳವಣಿಗೆಯ ಪ್ರಮಾಣವನ್ನು ನೋಡಿದರೆ ಅಲ್ಪವಾದ ಹುಳುವೇ ಮುಂದೆ.

ಎರಡರ ಸಂಪತ್ತೂ ಬಾಯಿಗೆ ಸಂಬಂಧಪಟ್ಟದ್ದೆಂಬುದು ಇನ್ನೊಂದು ಸಾಮ್ಯ. ನೀಲಿ ತಿಮಿಂಗಿಲದ ಜಾತಿಯವಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ನೂರಾರು ತೆಳುವಾದ ಫಲಕಗಳು ಜಾಲರಿಯಂತೆ ಇಳಿಬಿದ್ದಿರುತ್ತವೆ. ಕಡಲಿನ ನೀರನ್ನು ಬಾಯಿತುಂಬ ತೆಗೆದುಕೊಂಡು ಈ ಜಾಲರಿಯ ಮೂಲಕ ಹೊರಕ್ಕೆ ತಳ್ಳಿ, ಒಳಗೆ ಉಳಿದ ಸೀಗಡಿಯಂಥ ಕಿರುಜೀವಿಗಳನ್ನು ನುಂಗುತ್ತವೆ. ಕುಪ್ಪಸದ ಕಡ್ಡಿಗೂ ಕೊಡೆಯ ಕಡ್ಡಿಗೂ ಬೇಕಾಗಿದ್ದುದು ಈ ಫಲಕವೇ. ಮನುಷ್ಯನ ಉಗುರು ಕೂದಲುಗಳು ಯಾವ ದ್ರವ್ಯದಿಂದ ಆಗಿವೆಯೋ ಅದೇ ಅದರ ದ್ರವ್ಯ. ರೇಷ್ಮೆಯ ಹುಳುವಾದರೋ ಹಣ್ಣಾದ ಮೇಲೆ ಮೇವನ್ನು ತೊರೆದು ತಲೆಯನ್ನೆತ್ತಿ ಆಡಿಸುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಕೆಳತುಟಿಯ ರಂಧ್ರದಿಂದ ಬರುವ ದ್ರವವು ಗಾಳಿಗೆ ಬಂದು ನೂಲಾಗುತ್ತದೆ. ಎರಡು ಮೂರು ದಿನ ಬಿಡುವಿಲ್ಲದೆ ತಲೆಯನ್ನು ತಿರುಗಿಸುತ್ತ ಹುಳು ತನ್ನ ಸುತ್ತ ಒಂದೇ ಎಳೆಯ ಗೂಡನ್ನು ಕಟ್ಟಿಕೊಳ್ಳುತ್ತದೆ. ನಾಡತಳಿಯಾದ ಮೈಸೂರು ಹುಳುವಿನ ಎಳೆ ಕೆಲವು ನೂರು ಮೀಟರು. ಬಿಳಿಯ ಗೂಡಿನ ದ್ವಿತಳಿಯಲ್ಲಿ ಅದು ಸಾವಿರ ಮೀಟರನ್ನು ಮುಟ್ಟುತ್ತದೆ.

ಇಷ್ಟು ಸಾಮ್ಯವನ್ನು ಹೇಳಿದ ಮೇಲೆ ಮುಖ್ಯವಾದ ಭೇದವನ್ನೂ ಹೇಳಬೇಕು. ಹೆಣ್ಣು ತಿಮಿಂಗಿಲವು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಈಯುತ್ತದೆ. ಒಂದು ಪತಂಗವು ಒಮ್ಮೆಗೇ ನಾನೂರು ಐನೂರು ಮೊಟ್ಟೆಗಳನ್ನಿಡುತ್ತದೆ. ವರ್ಷಕ್ಕೆ ಹಲವು ಬೆಳೆ. ಮೊದಲನೆಯದನ್ನು ಕೊಂದರೆ ಆ ಸ್ಥಾನವು ತುಂಬುವುದಕ್ಕೆ ತಲೆಮಾರು ಬೇಕು. ಎರಡನೆಯದರ ನಷ್ಟವು ಮುಂದಿನ ತಿಂಗಳು ತುಂಬೀತು. ಈ ಭೇದವನ್ನು ಬೇಟೆಗಾರರು ಅರಿಯದವರಲ್ಲ, ಅರಿತೂ ನಡೆದರು.

೩

ತಿಮಿಂಗಿಲದ ಬೇಟೆಯನ್ನು ವ್ಯಾಪಾರವಾಗಿ ನಡೆಸಿದವರಲ್ಲಿ ಮೊದಲಿಗರು ಸ್ಪೇನ್ ಫ್ರಾನ್ಸುಗಳ ಗಡಿಯ ಬಾಸ್ಕ್ ಜನರು. ಹನ್ನೊಂದನೆಯ ಶತಮಾನದಿಂದಲೇ ಅವರ ದೋಣಿಗಳು ಬಿಸ್ಕೆ ಕೊಲ್ಲಿಯಲ್ಲಿ ಹೊರಡುತ್ತಿದ್ದುವು. ಹದಿನೇಳನೆಯ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಉತ್ತರಧ್ರುವದ ಬಳಿಯ ಸ್ಪಿಟ್ಸ್‌ಬರ್ಗನ್ನಿನವರೆಗೆ ಹೋದರು. ಕೊಬ್ಬನ್ನು ಕಾಯಿಸಿ ತೆಗೆದ ಎಣ್ಣೆಯಿಂದ ಯೂರೋಪಿನ ಊರುಗಳ ಬೀದಿದೀಪಗಳು ಉರಿದುವು, ಯಂತ್ರಗಳು ಸುಗಮವಾಗಿ ತಿರುಗಿದುವು. ಇನ್ನೊಂದು ಜಾತಿಯ ತಿಮಿಂಗಿಲದ ಕರುಳಿನಲ್ಲಿ ಸಿಕ್ಕುವ ಅಂಬರೆಂಬ ಪರಿಮಳದ್ರವ್ಯವು ಅರಬರ ವ್ಯಾಪಾರದ ಮೂಲಕ ಭರತಖಂಡದ ಗಂಧಿಗರಿಗೂ ಪರಿಚಿತವಾಗಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯಾಪಾರದ ರಾಜಧಾನಿಯೆಂದರೆ ಅಮೆರಿಕದ ನ್ಯೂ ಬೆಡ್‌ಫರ್ಡ್. ೧೮೫೭ರಲ್ಲಿ ಆ ಒಂದು ಬಂದರಿಗೆ ಸೇರಿದ ಬೇಟೆಯ ಹಡಗುಗಳು ೩೨೯. ಅವುಗಳನ್ನು ನಂಬಿದ ಜನ ಸುಮಾರು ಹತ್ತು ಸಾವಿರ. ಹಗ್ಗ ಹೊಸೆಯುವವರು, ಪೀಪಾಯಿ ಕಟ್ಟುವವರು, ಕಮ್ಮಾರರು, ಎಣ್ಣೆಯ ದಲ್ಲಾಳಿಗಳು ಎಲ್ಲರ ಒಲೆಯೂ ಒಂದೇ ಪ್ರಾಣಿಯಿಂದ ಉರಿಯುತ್ತಿದ್ದಿತು. ಆದರೆ ಸಮೀಪದ ಕಡಲುಗಳಲ್ಲಿ ಬೇಟೆ ವಿರಳವಾಗುತ್ತ ಬಂದಂತೆಲ್ಲ ಹಡಗುಗಳು ಮತ್ತಷ್ಟು ದೂರ ಹೋಗಬೇಕಾಯಿತು. ಮೂರು ನಾಲ್ಕು ವರ್ಷಗಳಾದ ಮೇಲೆ ಮನೆಗೆ ಮರಳುವುದು ಸಾಮಾನ್ಯವಾಯಿತು. ೧೮೭೧ರಲ್ಲಿ ಅಲಾಸ್ಕದ ಉತ್ತರಕ್ಕೆ ೩೩ ಹಡಗುಗಳು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದುವು. ಅವುಗಳಲ್ಲಿದ್ದ ೧,೨೧೯ ಮಂದಿಯೂ ದೈವವಶದಿಂದ ಬದುಕಿಬಂದರು. ಹಡಗುಗಳನ್ನು ಮಾತ್ರ ಅಲ್ಲಿಯೇ ಬಿಟ್ಟುಬಂದರು.

ಇಷ್ಟರಲ್ಲಿ ೧೮೫೯ರಲ್ಲಿ ಪೆನ್ಸಿಲ್ವೇನಿಯದಲ್ಲಿ ನೆಲವನ್ನು ಕೊರೆದು ಎಣ್ಣೆಯನ್ನು ತೆಗೆದರು. ಸೀಮೆಯೆಣ್ಣೆಯು ಅಗ್ಗವಾಗಿ ಮನೆಮನೆಗೆ ಬಂದಿತು. ತಿಮಿಂಗಿಲದೆಣ್ಣೆಯ ದೀಪ ಆರಿತು. ಕುಪ್ಪಸದ ಕಡ್ಡಿಗೆ ಉಕ್ಕು ಬಂದಿತು. ೧೯೨೪ರಲ್ಲಿ ನ್ಯೂ ಬೆಡ್‌ಫರ್ಡಿನಿಂದ ಹೊರಟ ವಾಂಡರರ್ ಎಂಬ ಹಳೆಯ ಹಡಗು ಮರುದಿನವೇ ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿದು ಒಡೆಯಿತು. ಆ ಊರಿನ ಬೇಟೆಯ ಕಥೆ ಹೀಗೆ ಮುಗಿಯುತ್ತ ಬಂದಿತು.

ಸೀಮೆಯೆಣ್ಣೆಯೇ ತಿಮಿಂಗಿಲವನ್ನು ಉಳಿಸಿತೆಂದು ಕೆಲವರು ಹೇಳುವುದುಂಟು. ಇತಿಹಾಸವನ್ನು ಪೂರ್ತಿಯಾಗಿ ಓದಿದರೆ ಈ ಮಾತು ನಿಲ್ಲುವುದಿಲ್ಲ. ನಾರ್ವೆ ದೇಶದ ಸ್ವೆಂಡ್ ಫೊಯ್ನ್ ಎಂಬಾತನು ೧೮೬೦ರ ದಶಕದಲ್ಲಿ ಸಿಡಿಯುವ ಈಟಿಯನ್ನು ಎಸೆಯುವ ಫಿರಂಗಿಯನ್ನು ಉಗಿಯಂತ್ರದ ದೋಣಿಯ ಮೇಲೆ ನಿಲ್ಲಿಸಿದನು. ಅದುವರೆಗೆ ಹುಟ್ಟುಹಾಕುವ ದೋಣಿಗಳಿಗೆ ನಿಲುಕದಿದ್ದ ಶೀಘ್ರಗಾಮಿಗಳಾದ ನೀಲಿ ತಿಮಿಂಗಿಲಗಳು ಆಗ ಕೈಗೆ ಸಿಕ್ಕಿದುವು. ೧೯೦೧ರಲ್ಲಿ ಎಣ್ಣೆಗೆ ಹೈಡ್ರೋಜನ್ ಬೆರೆಸಿ ಗಟ್ಟಿಮಾಡುವ ಕ್ರಮವನ್ನು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಕಂಡುಹಿಡಿದನು; ದೀಪಕ್ಕೆ ಬೇಡವಾದ ಎಣ್ಣೆ ಸಾಬೂನಿಗೂ ಕೃತಕ ಬೆಣ್ಣೆಗೂ ಬೇಕಾಯಿತು. ೧೯೨೫ರಲ್ಲಿ ಹಿಂಬದಿಯಲ್ಲಿ ಇಳಿಜಾರುಳ್ಳ ಹಡಗು ಬಂದಿತು; ಕೊಂದ ಪ್ರಾಣಿಯನ್ನು ಅದರ ಮೇಲೆ ಎಳೆದು ನಡುಗಡಲಿನಲ್ಲಿಯೇ ಕತ್ತರಿಸಿ ಕಾಯಿಸಬಹುದಾಯಿತು. ದಕ್ಷಿಣಧ್ರುವದ ಕಡಲಿನಲ್ಲಿ ೧೯೩೦–೩೧ರ ಒಂದೇ ಋತುವಿನಲ್ಲಿ ೨೯,೦೦೦ಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಹತವಾದುವು. ಇಪ್ಪತ್ತನೆಯ ಶತಮಾನದಲ್ಲಿ ಎಲ್ಲ ದೊಡ್ಡ ಜಾತಿಗಳೂ ಸೇರಿ ಕೊಲ್ಲಲ್ಪಟ್ಟ ತಿಮಿಂಗಿಲಗಳು ಸುಮಾರು ೨೯ ಲಕ್ಷವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ದೀಪಕ್ಕಾಗಿ ಸತ್ತವುಗಳಿಗಿಂತ ದೀಪ ಆರಿದ ಮೇಲೆ ಸತ್ತವುಗಳೇ ಹೆಚ್ಚು.

೧೯೪೬ರಲ್ಲಿ ವಾಷಿಂಗ್ಟನ್ನಿನಲ್ಲಿ ರಾಷ್ಟ್ರಗಳು ಸೇರಿ ಒಪ್ಪಂದ ಮಾಡಿಕೊಂಡುವು. ಬೇಟೆಯನ್ನು ನಿಯಮಿಸುವ ಆಯೋಗವು ಏರ್ಪಟ್ಟಿತು. ಆದರೆ ಆ ಆಯೋಗದ ಮೊದಲ ಲೆಕ್ಕವೇ ವಿಚಿತ್ರವಾಗಿದ್ದಿತು. ಒಂದು ನೀಲಿ ತಿಮಿಂಗಿಲಕ್ಕೆ ಸಮನಾಗಿ ಬೇರೊಂದು ಜಾತಿಯವು ಎರಡು, ಮತ್ತೊಂದು ಜಾತಿಯವು ಆರು ಎಂದು ಎಣ್ಣೆಯ ಪ್ರಮಾಣವನ್ನೇ ಅಳತೆಯಾಗಿಟ್ಟುಕೊಂಡು, ಎಲ್ಲ ದೇಶಗಳಿಗೂ ಸೇರಿ ಒಂದೇ ಒಟ್ಟು ಮಿತಿಯನ್ನು ಹಾಕಿದರು. ಯಾರ ಪಾಲು ಎಷ್ಟೆಂದು ಹಂಚಲಿಲ್ಲ. ಮಿತಿ ಮುಗಿಯುವುದಕ್ಕೆ ಮುಂಚೆ ಹೆಚ್ಚು ಕೊಂದವನಿಗೆ ಹೆಚ್ಚು ಲಾಭ. ಇದರಿಂದ ಸ್ಪರ್ಧೆ ಬೆಳೆಯಿತೇ ಹೊರತು ಸಂಯಮ ಬೆಳೆಯಲಿಲ್ಲ. ಇಂದು ಬಿಟ್ಟದ್ದು ನಾಳೆ ತನಗೆ ಉಳಿಯುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ಇನ್ನೊಬ್ಬನು ಅದನ್ನು ಕೊಲ್ಲುವನೆಂಬುದು ಮಾತ್ರ ಎಲ್ಲರಿಗೂ ಗೊತ್ತಿದ್ದಿತು. ೧೯೬೬ರಲ್ಲಿ ನೀಲಿ ತಿಮಿಂಗಿಲದ ಬೇಟೆಯನ್ನು ನಿಷೇಧಿಸುವ ವೇಳೆಗೆ ದಕ್ಷಿಣಧ್ರುವದ ಕಡಲಿನಲ್ಲಿ ಒಂದು ಕಾಲಕ್ಕೆ ಎರಡು ಲಕ್ಷಕ್ಕೂ ಮೇಲಿದ್ದ ಆ ಜಾತಿಯಲ್ಲಿ ಅತ್ಯಲ್ಪವಾದ ಭಾಗ ಮಾತ್ರ ಉಳಿದಿದ್ದಿತು. ೧೯೭೯ರಲ್ಲಿ ಹಿಂದೂ ಮಹಾಸಾಗರವು ತಿಮಿಂಗಿಲಗಳ ಅಭಯಸ್ಥಾನವೆಂದು ಘೋಷಿತವಾಯಿತು. ೧೯೮೨ರಲ್ಲಿ ವ್ಯಾಪಾರದ ಬೇಟೆಯನ್ನೆಲ್ಲ ನಿಲ್ಲಿಸುವ ನಿರ್ಣಯವಾಯಿತು.

ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ತಿಮಿಂಗಿಲಕ್ಕೆ ಸ್ಥಾನವುಂಟು. ಅಂಬರನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ೨೦೨೧ರಲ್ಲಿ ಬೆಂಗಳೂರಿನಲ್ಲಿ ಪೊಲೀಸಿನವರು ಅದನ್ನು ವಶಪಡಿಸಿಕೊಂಡ ವಾರ್ತೆಯನ್ನು ಅನೇಕರು ಓದಿರಬಹುದು. ಕಡಲಿಲ್ಲದ ಊರಿನಲ್ಲಿಯೂ ಕಡಲಿನ ಪ್ರಾಣಿಯ ಬೆಲೆ ಇನ್ನೂ ಇಳಿದಿಲ್ಲ.

೪

ಇನ್ನು ಹುಳುವಿನ ಕಥೆ. ಚೀನದೇಶದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಾಡಿನ ಹುಳುವೊಂದನ್ನು ಮನೆಯೊಳಗೆ ತಂದು ಸಾಕತೊಡಗಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೌಶೇಯವೂ ಚೀನಪಟ್ಟವೂ ಉಕ್ತವಾಗಿವೆ. ಕಾಳಿದಾಸನ ಶಾಕುಂತಲದಲ್ಲಿ ಚೀನಾಂಶುಕದ ಮಾತು ಬರುತ್ತದೆ. ಲಾಟದೇಶದಿಂದ ದಶಪುರಕ್ಕೆ ವಲಸೆಬಂದ ರೇಷ್ಮೆ ನೇಯುವವರ ಶ್ರೇಣಿಯು ಅಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದುದನ್ನು ಐದನೆಯ ಶತಮಾನದ ಮಂದಸೋರಿನ ಶಾಸನವು ತಿಳಿಸುತ್ತದೆ. ತನ್ನ ನೂಲಿನಿಂದ ತನ್ನನ್ನೇ ಸುತ್ತಿಕೊಂಡು ಸಾಯುವ ಹುಳು ವೇದಾಂತಿಗಳಿಗೆ ಸಂಸಾರಬಂಧದ ದೃಷ್ಟಾಂತವಾಯಿತು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯೂ ಒಂದು ವಚನದಲ್ಲಿ ಈ ಹುಳುವನ್ನು ಹೆಸರಿಸಿದ್ದಾಳೆ.

ಮೈಸೂರು ಸೀಮೆಯಲ್ಲಿ ಹುಳುಸಾಕಣೆಯನ್ನು ರಾಜ್ಯದ ಉದ್ಯಮವಾಗಿ ನೆಲೆಗೊಳಿಸಲು ಯತ್ನಿಸಿದವನು ಟಿಪ್ಪು ಸುಲ್ತಾನ. ಬುರ್ಹಾನುದ್ದೀನ್, ಕಸ್ತೂರಿರಂಗ ಎಂಬಿಬ್ಬರು ಅವನ ಅಪ್ಪಣೆಯಂತೆ ಬಂಗಾಳಕ್ಕೆ ಹೋಗಿ ಹುಳುಗಳನ್ನು ತರುತ್ತಿದ್ದರು. ಈ ವಿಷಯವಾಗಿ ೧೭೮೬ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಅವನು ಬರೆಸಿದ ಪತ್ರವೊಂದು ಉಳಿದಿದೆ. ಹುಳುಗಳನ್ನು ಇಡಲು ಎಂಥ ಸ್ಥಳ ತಕ್ಕುದೆಂದು ಬಂದವರಿಂದಲೇ ತಿಳಿದುಕೊಳ್ಳಬೇಕು, ಈ ಉದ್ದೇಶಕ್ಕಾಗಿ ಮೊದಲೇ ನೆಡಿಸಿದ ಹಿಪ್ಪುನೇರಳೆಯ ಸೊಪ್ಪನ್ನು ಒದಗಿಸಬೇಕು ಎಂಬುದು ಅದರ ಸಾರ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹುಳು ಬರುವುದಕ್ಕೆ ಮುಂಚೆ ಗಿಡ ಬಂದಿದ್ದಿತು. ಬೇಟೆಗೆ ಹೊರಡುವವನು ಈಟಿಯನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಸಾಕುವವನು ಮೇವನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಈಟಿಯನ್ನು ಒಂದೇ ದಿನದಲ್ಲಿ ಮಾಡಿಸಬಹುದು. ತೋಟವನ್ನು ಎಬ್ಬಿಸಲು ಮಣ್ಣು, ಗೊಬ್ಬರ, ನೀರು, ಕಾಲ ಇಷ್ಟೂ ಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಮಶೇಟ್‌ಜಿ ತಾತಾರವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಏರ್ಪಡಿಸಿದರು. ೧೯೧೨ರಲ್ಲಿ ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. ಅದೇ ವರ್ಷ ದಿವಾನರಾದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿ, ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ತೋಟವನ್ನು ಸ್ಥಾಪಿಸಿ, ರೋಗವಿಲ್ಲದ ಮೊಟ್ಟೆಗಳನ್ನು ರೈತರಿಗೆ ಹಂಚುವ ಕ್ರಮವು ಬಲಗೊಂಡಿತು. ರೋಗವಿಲ್ಲದ ಮೊಟ್ಟೆಯ ಮಹತ್ತ್ವವು ಲೋಕಕ್ಕೆ ತಿಳಿದದ್ದು ಫ್ರಾನ್ಸಿನ ವಿಪತ್ತಿನಿಂದ. ಅಲ್ಲಿ ಗಂಟು ರೋಗವು ಹಬ್ಬಿ ಹುಳುಗಳೆಲ್ಲ ಸಾಯುತ್ತಿದ್ದಾಗ, ೧೮೬೫ರಿಂದ ಕೆಲವು ವರ್ಷ ಲೂಯಿ ಪ್ಯಾಶ್ಚರನು ಅದನ್ನೇ ವ್ಯಾಸಂಗಮಾಡಿ, ತಾಯಿಪತಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಕಲಿಸಿದನು. ಮೊಟ್ಟೆಯ ಕೇಂದ್ರಗಳಲ್ಲಿ ಇಂದಿಗೂ ನಡೆಯುವುದು ಆ ಪರೀಕ್ಷೆಯೇ. ಹುಳು ಸತ್ತರೆ ಸಾಕುವವನಿಗೆ ನಷ್ಟ. ಆದುದರಿಂದ ಅದರ ರೋಗವನ್ನು ಅವನು ತನ್ನ ರೋಗವೆಂದೇ ಬಗೆದನು. ತಿಮಿಂಗಿಲದ ರೋಗವನ್ನು ಕುರಿತು ಯಾವ ಬೇಟೆಗಾರನೂ ಚಿಂತಿಸಿದವನಲ್ಲ.

ಸಾಕಣೆಯ ದಾರಿಯೂ ನೇರವಾಗಿ ಸಾಗಲಿಲ್ಲ. ೧೯೩೦ರ ದಶಕದಲ್ಲಿ ಚೀನ ಜಪಾನುಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಬಂದು ಬೆಲೆಗಳು ಕುಸಿದುವು. ೧೯೩೪ರಲ್ಲಿ ಆಮದಿನ ಮೇಲೆ ರಕ್ಷಣೆಯ ಸುಂಕ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕೊಡೆಗಳಿಗೆ ರೇಷ್ಮೆ ಬೇಕಾಗಿ ಬೇಡಿಕೆ ಏರಿತು. ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಏರ್ಪಟ್ಟಿತು. ೧೯೫೯ರ ಮೈಸೂರಿನ ಕಾಯಿದೆಯಿಂದ ಮೊಟ್ಟೆ, ಗೂಡು, ನೂಲುಗಳ ವ್ಯಾಪಾರವು ನಿಯಮಕ್ಕೆ ಒಳಪಟ್ಟಿತು. ೧೯೮೦ರಲ್ಲಿ ಊಜಿ ನೊಣವು ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಬೆಳೆಗಳನ್ನು ಹಾಳುಮಾಡಿತು. ರೈತರು ಕಿಟಕಿಗಳಿಗೆ ಬಲೆಯನ್ನು ಕಟ್ಟಿದರು. ನಾಡತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಪಡೆದ ಒಂದು ಮಿಶ್ರತಳಿಗೆ ಕೋಲಾರ್ ಗೋಲ್ಡ್ ಎಂಬ ಹೆಸರು ಬಂದಿದೆ. ಕೆಜಿಎಫ್‌ನ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು. ಈ ಹೆಸರಿನ ಹಳದಿಯ ಗೂಡು ಮಾತ್ರ ಮಾರುಕಟ್ಟೆಗೆ ಬರುತ್ತಿದೆ.

೫

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಕರ್ನಾಟಕದಲ್ಲಿ ರಾಮನಗರದ ಮಾರುಕಟ್ಟೆಯೊಡನೆ ಎಣಿಸತಕ್ಕದ್ದು. ಬೆಳಗ್ಗೆ ರೈತರು ಗೂಡುಗಳನ್ನು ತಂದು ಜಾಲರಿಗಳಲ್ಲಿ ಸುರಿಯುತ್ತಾರೆ. ರೀಲರುಗಳು ಹಿಡಿಯಷ್ಟು ಗೂಡನ್ನು ತೆಗೆದು ಅದುಮಿ, ಅಲುಗಿಸಿ, ಕಿವಿಯ ಬಳಿ ಹಿಡಿದು ನೋಡಿ ಬೆಲೆ ಕಟ್ಟುತ್ತಾರೆ. ಸೊಪ್ಪು ಬೆಳೆಯುವವನು, ಚಾಕಿ ಸಾಕುವವನು, ಚಂದ್ರಿಕೆ ಹೆಣೆಯುವವನು, ನೂಲು ಬಿಚ್ಚುವವನು, ಹುರಿ ಮಾಡುವವನು, ಇವರೆಲ್ಲರ ಒಲೆಯೂ ಒಂದೇ ಹುಳುವಿನಿಂದ ಉರಿಯುತ್ತದೆ. ನ್ಯೂ ಬೆಡ್‌ಫರ್ಡನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಒಂದೇ ಪ್ರಾಣಿಯನ್ನು ನಂಬಿದ ಊರಿಗೆ ಬೆಲೆ ಬಿದ್ದ ದಿನ ಎಲ್ಲ ಬೀದಿಯೂ ಒಮ್ಮೆಗೇ ಬಡವಾಗುತ್ತದೆ. ಚೀನದ ನೂಲಿನ ಆಮದು ಹೆಚ್ಚಿದಾಗ ಇಲ್ಲಿನ ರೈತನು ಅದನ್ನು ಅನುಭವದಿಂದಲೇ ತಿಳಿದುಕೊಂಡಿದ್ದಾನೆ.

ಆದರೆ ಒಂದು ಭೇದವುಂಟು. ನ್ಯೂ ಬೆಡ್‌ಫರ್ಡಿನವರು ಕಡಲಿನಿಂದ ತೆಗೆದರೇ ಹೊರತು ಕಡಲಿಗೆ ಏನನ್ನೂ ಕೊಡಲಿಲ್ಲ. ಶಿಡ್ಲಘಟ್ಟದವನು ತೆಗೆಯುವುದಕ್ಕೆ ಮುಂಚೆ ಉಣಿಸುತ್ತಾನೆ. ಹುಳು ನಾಲ್ಕನೆಯ ಜ್ವರವೆದ್ದ ವಾರದಲ್ಲಿ ಮನೆಯ ಹೆಂಗಸರು ನಡುರಾತ್ರಿಯಲ್ಲಿಯೂ ಎದ್ದು ಸೊಪ್ಪು ಹಾಕುತ್ತಾರೆ. ಅನೇಕರ ಮನೆಗಳಲ್ಲಿ ಹುಳುವಿಗೆ ನಡುಮನೆಯನ್ನು ಬಿಟ್ಟುಕೊಟ್ಟು ಜನರು ಜಗಲಿಯಲ್ಲಿ ಮಲಗುತ್ತಿದ್ದ ಕಾಲವುಂಟು. ಬೆಲೆ ಬಿದ್ದರೂ ತಳಿಯು ಉಳಿಯುತ್ತದೆ. ತಳಿ ಉಳಿದರೆ ಉದ್ಯಮವು ಮತ್ತೆ ಏಳುತ್ತದೆ.

ಹೀಗೆಂದು ಸಾಕಣೆಯು ನಿರ್ದೋಷವೆಂದು ಹೊಗಳುವಂತಿಲ್ಲ. ಗೂಡಿನೊಳಗಿನ ಹುಳುವನ್ನು ಬಿಸಿ ಆವಿಯಲ್ಲಿ ಕೊಂದು, ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆಯನ್ನು ಬಿಚ್ಚುತ್ತಾರೆ. ಮಡಿಗೆಂದು ಉಡುವ ಪೀತಾಂಬರದಲ್ಲಿ ಸಾವಿರಾರು ಜೀವಗಳ ಸಾವಿದೆ. ಬಿತ್ತನೆಗೆಂದು ಬದುಕಿಸಿದ ಪತಂಗಕ್ಕೂ ಸ್ವಾತಂತ್ರ್ಯವಿಲ್ಲ. ಸಾವಿರಾರು ವರ್ಷ ಸಾಕಿದುದರ ಫಲವಾಗಿ ಅದು ರೆಕ್ಕೆಯಿದ್ದೂ ಹಾರಲಾರದು. ಮನುಷ್ಯನು ಕೈಬಿಟ್ಟರೆ ಅಳಿದುಹೋಗುತ್ತದೆ. ತಿಮಿಂಗಿಲಕ್ಕೆ ಮನುಷ್ಯನು ಬೇಕಾಗಿಲ್ಲ. ಅವನು ಸುಮ್ಮನಿದ್ದರೆ ಸಾಕು, ಅದು ಮತ್ತೆ ಹೆಚ್ಚುತ್ತದೆ. ಬೇಟೆ ನಿಂತ ಮೇಲೆ ಕೆಲವು ಕಡಲುಗಳಲ್ಲಿ ಹೆಚ್ಚುತ್ತಲೂ ಇದೆ. ಹೀಗೆ ಬೇಟೆಗೆ ಒಳಗಾದದ್ದು ಅಳಿವಿನ ಅಂಚಿಗೆ ಬಂದರೂ ಸ್ವತಂತ್ರವಾಗಿ ಉಳಿಯಿತು. ಸಾಕಲ್ಪಟ್ಟದ್ದು ಕೋಟಿಗಟ್ಟಲೆ ಹೆಚ್ಚಿದರೂ ಪರತಂತ್ರವಾಯಿತು.

೬

ಹುಳುವಿಗೆ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ಈ ಹೋಲಿಕೆಯು ನಾಲ್ಕು ತಾಲ್ಲೂಕುಗಳಿಗೆ ಮುಟ್ಟುವುದು ಇಲ್ಲಿಯೇ. ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿದ ಉತ್ತರಪಿನಾಕಿನಿಯು ಗೌರಿಬಿದನೂರಿನ ಮೇಲೆ ಹರಿದು ನೆಲ್ಲೂರಿನ ಬಳಿ ಪೂರ್ವಸಮುದ್ರವನ್ನು ಸೇರುತ್ತದೆ. ಆದರೆ ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಇದನ್ನರಿತೇ ಹಿಂದಿನವರು ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಒಂದರ ಕೋಡಿಯ ನೀರು ಮುಂದಿನದಕ್ಕೆ ಹೋಗುವಂತೆ ಕಾಲುವೆಗಳನ್ನು ತೆಗೆದರು. ಏರಿಯನ್ನು ಕಾಯುವುದು, ಹೂಳನ್ನೆತ್ತುವುದು, ತೂಬನ್ನು ತೆರೆದು ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವುದು, ಇವಕ್ಕೆಲ್ಲ ಕಟ್ಟಳೆಯಿದ್ದಿತು, ನೀರುಗಂಟಿಯೆಂಬವನು ಇದ್ದನು. ಅದು ನೀರಿನ ಸಾಕಣೆ. ಮಳೆಗಾಲದಲ್ಲಿ ಕೂಡಿಟ್ಟುದನ್ನು ಬೇಸಗೆಯಲ್ಲಿ ತೆಗೆಯುತ್ತಿದ್ದರು. ಕೆರೆ ತುಂಬಿದರೆ ಬಾವಿಗಳೂ ತುಂಬುತ್ತಿದ್ದುವು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೊಳವೆ ಬಾವಿಗಳು ಹೆಚ್ಚಿದುವು. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವು ಎಲ್ಲವೂ ನೆಲದಡಿಯ ನೀರಿನಿಂದಲೇ ಬೆಳೆದುವು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಕೆಳಗಿಳಿಯಿತು. ಸಾವಿರ ಅಡಿಗಳನ್ನು ಮೀರಿ ಕೊರೆಯುವುದು ಈಗ ಸಾಮಾನ್ಯವಾಗಿದೆ. ಅಂತರ್ಜಲದ ಲೆಕ್ಕಾಚಾರಗಳಲ್ಲಿ ಈ ತಾಲ್ಲೂಕುಗಳು ಮಿತಿಮೀರಿ ನೀರೆತ್ತುವ ವರ್ಗಕ್ಕೆ ಸೇರಿವೆ. ಆಳದ ನೀರಿನಲ್ಲಿ ಫ್ಲೋರೈಡಿನ ಬಾಧೆಯೂ ಉಂಟು. ಸಮೀಪದ ಕಡಲಿನಲ್ಲಿ ಬೇಟೆ ಮುಗಿದಂತೆಲ್ಲ ನ್ಯೂ ಬೆಡ್‌ಫರ್ಡಿನ ಹಡಗುಗಳು ಧ್ರುವದ ಕಡೆಗೆ ಹೋದುದಕ್ಕೂ, ಮೇಲಿನ ನೀರು ಮುಗಿದಂತೆಲ್ಲ ಕೊಳವೆಯು ಕೆಳಕೆಳಕ್ಕೆ ಇಳಿಯುವುದಕ್ಕೂ ಭೇದವೇನು? ಅಲ್ಲಿ ಕೊಂದವನದೇ ತಿಮಿಂಗಿಲ; ಇಲ್ಲಿ ಎತ್ತಿದವನದೇ ನೀರು. ತಾನು ಬಿಟ್ಟರೆ ಪಕ್ಕದ ಹೊಲದವನು ಎತ್ತುವನೆಂಬ ಭಯವೂ ಎರಡೆಡೆಯಲ್ಲಿ ಒಂದೇ. ಹುಳುವಿನ ವಿಷಯದಲ್ಲಿ ಸಾಕುವವನಾಗಿ ವಿವೇಕವನ್ನು ತೋರಿಸಿದ ರೈತನು ನೀರಿನ ವಿಷಯದಲ್ಲಿ ಬೇಟೆಗಾರನಾಗಬೇಕಾಗಿ ಬಂದಿದೆ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಮಿತಿಯಿಲ್ಲದ ಕಡಲಿನಲ್ಲಿ ಒಬ್ಬನೇ ಸಂಯಮಿಯಾದರೆ ಅವನೊಬ್ಬನೇ ಕೆಡುತ್ತಾನೆ. ತಿಮಿಂಗಿಲದ ಬೇಟೆ ನಿಂತದ್ದು ಒಬ್ಬೊಬ್ಬ ನಾವಿಕನ ಪಶ್ಚಾತ್ತಾಪದಿಂದಲ್ಲ, ಎಲ್ಲರೂ ಸೇರಿ ಒಪ್ಪಿದ ಕಟ್ಟಳೆಯಿಂದ. ಅದೂ ಬಹಳ ತಡವಾಗಿ.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಬಳಸಿದ ನೀರನ್ನು ಶುದ್ಧೀಕರಿಸಿ ಕೊಳವೆಗಳ ಮೂಲಕ ಚಿಕ್ಕಬಳ್ಳಾಪುರದ ಕಂದವಾರದ ಕೆರೆಯೇ ಮೊದಲಾದ ಕೆರೆಗಳಿಗೆ ತುಂಬಿಸುವ ಕಾರ್ಯ ನಡೆದಿದೆ. ಶುದ್ಧೀಕರಣದ ಎರಡನೆಯ ಹಂತವನ್ನು ಮಾತ್ರ ದಾಟಿದ ಆ ನೀರು ಸಾಲದೆಂದು, ಮೂರನೆಯ ಹಂತವೂ ಆಗಬೇಕೆಂದು ಜನರು ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದುದು. ಹುಳುವಿಗೆ ರೋಗವಿಲ್ಲದ ಮೊಟ್ಟೆಯನ್ನು ಪರೀಕ್ಷಿಸಿ ಕೊಡುವ ಸೀಮೆಯಲ್ಲಿ ನೆಲಕ್ಕೆ ಉಣಿಸುವ ನೀರಿನ ಪರೀಕ್ಷೆಯು ಕಡಮೆಯಾಗಬಾರದು. ಆದರೆ ಬತ್ತಿದ್ದ ಕೆರೆಯಲ್ಲಿ ನೀರು ನಿಂತು ಸುತ್ತಣ ಬಾವಿಗಳಿಗೆ ಇಳಿಯುವುದೆಂಬ ನಂಬಿಕೆ ಮತ್ತೆ ಮೂಡಿರುವುದೂ ಸಣ್ಣ ಸಂಗತಿಯಲ್ಲ. ತೆಗೆಯುವುದಕ್ಕೆ ಮುಂಚೆ ತುಂಬಬೇಕೆಂಬ ಹಳೆಯ ಕಟ್ಟಳೆ ಅದರಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ತೀರಕ್ಕೆ ಬಂದು ಬಿದ್ದ ತಿಮಿಂಗಿಲವೊಂದರ ಅಸ್ಥಿಪಂಜರವನ್ನು ಮದರಾಸಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಚೆನ್ನೈಗೆ ಹೋದ ಮಕ್ಕಳು ಅದರ ಕೆಳಗೆ ನಿಂತು ಬೆರಗಾಗುತ್ತಾರೆ. ಶಿಡ್ಲಘಟ್ಟದ ಮಗುವಿಗೆ ಬೆರಗಿನ ಜೊತೆಗೆ ಇನ್ನೊಂದು ಪಾಠವನ್ನೂ ಹಿರಿಯರು ಹೇಳಿಕೊಡಬಹುದು. ಇಷ್ಟು ದೊಡ್ಡದಾದ ಪ್ರಾಣಿಯನ್ನು ಕಡಲಿನಷ್ಟು ವಿಶಾಲವಾದ ಮನೆಯೂ ಕಾಪಾಡಲಾರದೆ ಹೋಯಿತು. ಹಿಡಿಯಲ್ಲಿ ಹಿಡಿಯಬಹುದಾದ ಹುಳುವನ್ನು ದಿನದಿನವೂ ಹಾಕಿದ ಹಿಡಿಸೊಪ್ಪು ಐದು ಸಾವಿರ ವರ್ಷ ಕಾಪಾಡಿತು. ಆ ಸೊಪ್ಪಿನ ಬೇರಿಗೆ ನೀರು ಉಳಿಯುವುದೋ ಇಲ್ಲವೋ ಎಂಬುದನ್ನು ಮುಂದಿನ ಮಳೆಗಾಲಗಳಲ್ಲಿ ಈ ಸೀಮೆಯ ಕೆರೆಗಳೂ ಅವುಗಳ ಏರಿಯ ಮೇಲೆ ನಿಲ್ಲುವ ಜನರೂ ನಿರ್ಣಯಿಸಬೇಕಾಗಿದೆ.